ಕಡಿಮೆ ಖರ್ಚಿನ ಮುಖದ ಆರೈಕೆ: ಸನ್‌ಸ್ಕ್ರೀನ್ ಮೊದಲು, ಎಕ್ಸ್‌ಫೋಲಿಯೇಟರ್ ಆಮೇಲೆ

ಮುಖಕ್ಕೆಂದು ಎತ್ತಿಟ್ಟ ಹಣ ಸ್ವಲ್ಪವೇ ಇದ್ದರೆ ಅದರ ದೊಡ್ಡ ಪಾಲು ಸನ್‌ಸ್ಕ್ರೀನ್‌ಗೆ ಹೋಗಲಿ, ಉಳಿದ ಚಿಕ್ಕ ಪಾಲಿನಲ್ಲಿ ಎಕ್ಸ್‌ಫೋಲಿಯೇಟರ್ ಕೊಳ್ಳಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದುಬಾರಿ ಸೀರಮ್ ತಂದು, ಸನ್‌ಸ್ಕ್ರೀನನ್ನು ಬಟಾಣಿ ಕಾಳಿನಷ್ಟು ಹಚ್ಚಿ ತಿಂಗಳುಗಟ್ಟಲೆ ಎಳೆಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥದ್ದಕ್ಕೇ. ಎಕ್ಸ್‌ಫೋಲಿಯೇಟರ್ ಚರ್ಮದ ಮೇಲಿನ ಸತ್ತ ಪದರವನ್ನು ತೆಳುಮಾಡುತ್ತದೆ. ಅದರಲ್ಲೂ ಗ್ಲೈಕೋಲಿಕ್, ಲ್ಯಾಕ್ಟಿಕ್‌ನಂಥ ಆಮ್ಲಗಳನ್ನು ಬಳಸುವಾಗ ಚರ್ಮ ಬಿಸಿಲಿಗೆ ಬೇಗ ಕೆಂಪಾಗುತ್ತದೆ. ಬಳಕೆ ನಿಲ್ಲಿಸಿದ ಮೇಲೂ ಒಂದು ವಾರ ಎಚ್ಚರ ಬೇಕು. ಕಂದು ಚರ್ಮದವರಲ್ಲಿ ಆ ಉರಿ ಕಪ್ಪು ಕಲೆಯಾಗಿ ಕೂರುತ್ತದೆ, ಹೋಗಲು ತಿಂಗಳುಗಳೇ ಬೇಕು. ಕಲೆ ತೆಗೆಯಲು ಹೊರಟು ಕಲೆ ಬರಿಸಿಕೊಂಡಂತೆ. ಹಾಗಾಗಿ ಸನ್‌ಸ್ಕ್ರೀನ್‌ಗೆ ಹಣ ಸಾಲದ ತಿಂಗಳಲ್ಲಿ ಎಕ್ಸ್‌ಫೋಲಿಯೇಟರ್‌ನ ಮುಚ್ಚಳ ತೆರೆಯಲೇಬೇಡಿ.

ಚರ್ಮ ತನ್ನಷ್ಟಕ್ಕೆ ತಾನೇ ಸತ್ತ ಕೋಶಗಳನ್ನು ಉದುರಿಸುತ್ತಲೇ ಇರುತ್ತದೆ. ಎಳೆಯ ವಯಸ್ಸಿನಲ್ಲಿ ಆ ಸುತ್ತು ಸುಮಾರು 4 ವಾರಕ್ಕೆ ಮುಗಿಯುತ್ತದೆ, ವಯಸ್ಸಾದಂತೆ ಇನ್ನೂ ನಿಧಾನ. ನಾವು ಮಾಡುವುದು ಅದಕ್ಕೊಂದು ಚಿಕ್ಕ ಕೈಯಾಸರೆ ಅಷ್ಟೇ. ಎಣ್ಣೆ ಚರ್ಮಕ್ಕೆ ವಾರಕ್ಕೆ 2 ಸಲ, ಒಣ ಅಥವಾ ಸೂಕ್ಷ್ಮ ಚರ್ಮಕ್ಕೆ ವಾರಕ್ಕೆ 1 ಸಲ ಸಾಕು. ಪ್ರತಿದಿನ ಬಳಸಬಹುದು ಎಂದು ಬಾಟಲಿಯ ಮೇಲೆ ಬರೆದಿದ್ದರೂ ಬೇಡ. ಬಾಟಲಿ ಬೇಗ ಖಾಲಿಯಾದರೆ ಲಾಭ ಯಾರಿಗೆ ಎಂದು ಯೋಚಿಸಿ.

ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕುವ ಮುನ್ನ ಒಂದು ಮಾತು. ಸಕ್ಕರೆ ಹರಳಿಗೆ ಚೂಪು ಅಂಚುಗಳಿವೆ. ಕಾಲಿನ ಹಿಮ್ಮಡಿಗೆ ಸರಿ, ಕೆನ್ನೆಗೆ ಅಲ್ಲ. ವಾಲ್‌ನಟ್ ಚಿಪ್ಪಿನ ಪುಡಿ, ಏಪ್ರಿಕಾಟ್ ಬೀಜದ ಪುಡಿ ಹಾಕಿದ ಸ್ಕ್ರಬ್‌ಗಳದ್ದೂ ಅದೇ ಕಥೆ, ಕಣಗಳು ಒಂದೇ ಸಮ ಇರುವುದಿಲ್ಲ. ಅಡುಗೆ ಸೋಡಾ ಕ್ಷಾರ. ಮುಖದ ಚರ್ಮ ತುಸು ಆಮ್ಲೀಯ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಆಮ್ಲ) 5ರ ಆಸುಪಾಸು. ಸೋಡಾದ್ದು 8ಕ್ಕಿಂತ ಮೇಲೆ. ಹಚ್ಚಿದ ಕೂಡಲೇ ನುಣುಪಾದಂತೆ ಅನ್ನಿಸಿ, ಎರಡನೇ ದಿನ ಬಿಗಿದು ಸಿಪ್ಪೆಯೇಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನಿಂಬೆರಸ. ಪಿಎಚ್ 2ರಷ್ಟು ಹುಳಿ ಇರುವುದು ಒಂದು ಕಡೆಯಾದರೆ, ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟಂತೆ ಮಾಡಿ ಬೊಬ್ಬೆ ಮತ್ತು ಕಪ್ಪು ಗುರುತು ಉಳಿಸುತ್ತವೆ. ಅಗ್ಗ ಎಂದು ಇವುಗಳನ್ನು ಹಚ್ಚಿಕೊಂಡವರು ಉಳಿಸಿದ ಹಣವನ್ನು ಆಮೇಲೆ ವೈದ್ಯರಿಗೆ ಕೊಡುತ್ತಾರೆ.

ನಿಜವಾಗಿ ಅಗ್ಗದ ಎಕ್ಸ್‌ಫೋಲಿಯೇಟರ್ ಎಂದರೆ ತೆಳುವಾದ ಹಳೆಯ ಹತ್ತಿ ಬಟ್ಟೆ. ಟರ್ಕಿ ಟವೆಲ್ ಬೇಡ, ಒಗೆದು ಒಗೆದು ಮೆತ್ತಗಾದ ಬಟ್ಟೆ ಇರಲಿ. ಅಂಗೈ ಅಗಲದ 4–5 ತುಂಡು ಮಾಡಿಟ್ಟುಕೊಳ್ಳಿ. ಮುಖಕ್ಕೆ ಸೌಮ್ಯ ಫೇಸ್‌ವಾಶ್ ಹಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಣೆ, ಮೂಗಿನ ಪಕ್ಕ, ಗಲ್ಲ, ಕೊನೆಗೆ ಕೆನ್ನೆ, ಹೀಗೆ ಸಣ್ಣ ಸುತ್ತುಗಳಲ್ಲಿ ಸವರಿ. ಒಟ್ಟು 30 ಸೆಕೆಂಡು ಸಾಕು. ಕಣ್ಣಿನ ಸುತ್ತ ಬೇಡ. ಒತ್ತಡ ಎಷ್ಟೆಂದರೆ, ಚರ್ಮ ಬಟ್ಟೆಯ ಜೊತೆ ಎಳೆದುಕೊಂಡು ಬರಬಾರದು. ಒಂದು ತುಂಡನ್ನು ಒಮ್ಮೆ ಬಳಸಿದರೆ ಒಗೆದು ಬಿಸಿಲಲ್ಲಿ ಒಣಗಿಸಿಯೇ ಮತ್ತೆ ಬಳಸಬೇಕು. ಬಚ್ಚಲುಮನೆಯಲ್ಲಿ ಒದ್ದೆಯಾಗಿ ನೇತಾಡುವ ಬಟ್ಟೆಯೇ ಎಷ್ಟೋ ಸಣ್ಣ ಗುಳ್ಳೆಗಳಿಗೆ ಕಾರಣ. ಕೀವು ತುಂಬಿದ ಮೊಡವೆ ಇರುವಾಗ ಬಟ್ಟೆಯೂ ಬೇಡ, ಸ್ಕ್ರಬ್ಬೂ ಬೇಡ.

ಮೊಡವೆ, ಕಪ್ಪುತಲೆ (ಬ್ಲ್ಯಾಕ್‌ಹೆಡ್), ಹಳೆಯ ಕಲೆ ಇರುವವರಿಗೆ ಆಮ್ಲಗಳು ಹೆಚ್ಚು ಉಪಯೋಗ. ಹೆಸರು ಕೇಳಿ ಹೆದರಬೇಕಿಲ್ಲ, ಆದರೆ ಆರಿಸುವುದನ್ನು ತಿಳಿದಿರಬೇಕು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವಂಥದ್ದು, ರಂಧ್ರದೊಳಗೆ ಇಳಿದು ಜಿಡ್ಡನ್ನು ಸಡಿಲಿಸುತ್ತದೆ. ಎಣ್ಣೆ ಚರ್ಮಕ್ಕೆ 0.5ರಿಂದ 2 ಶೇಕಡಾ. ಆಸ್ಪಿರಿನ್ ಅಲರ್ಜಿ ಇರುವವರು ಅದನ್ನು ಮುಟ್ಟಬಾರದು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ಒಣ ಚರ್ಮಕ್ಕೆ 5 ಶೇಕಡಾ ಲ್ಯಾಕ್ಟಿಕ್ ಆಮ್ಲ ಒಳ್ಳೆಯದು, ಅದು ಸ್ವಲ್ಪ ತೇವವನ್ನೂ ಹಿಡಿದಿಡುತ್ತದೆ. ಮ್ಯಾಂಡೆಲಿಕ್ ಆಮ್ಲದ ಅಣು ದೊಡ್ಡದು, ನಿಧಾನ ಒಳಗಿಳಿಯುತ್ತದೆ. ಬೇಗ ಕಲೆ ಬೀಳುವ ಕಂದು ಚರ್ಮಕ್ಕೆ ಅದು ಹೊಂದುತ್ತದೆ. ತೀರಾ ಸೂಕ್ಷ್ಮ ಚರ್ಮದವರು ಲೇಬಲ್‌ನಲ್ಲಿ ಗ್ಲುಕೋನೋಲ್ಯಾಕ್ಟೋನ್ ಇದೆಯೇ ನೋಡಿ, ಅದು ಇವೆಲ್ಲಕ್ಕಿಂತ ಮೃದು. ಗ್ಲೈಕೋಲಿಕ್‌ನ ಅಣು ಈ ಗುಂಪಿನಲ್ಲೇ ಚಿಕ್ಕದು, ಸರಕ್ಕನೆ ಇಳಿದು ಉರಿಸುತ್ತದೆ. ಹೊಸಬರು ಅದರಿಂದ ಶುರು ಮಾಡುವುದು ನನಗೆ ಸರಿಕಾಣುವುದಿಲ್ಲ. ಮನೆಯಲ್ಲಿ ಬಳಸುವ ಆಮ್ಲ 10 ಶೇಕಡಾ ದಾಟಬಾರದು. 20, 30 ಎಂದು ಬರೆದ ಪೀಲ್‌ಗಳು, ಅಂದರೆ ಚರ್ಮದ ಪದರ ಸುಲಿಯುವ ಗಾಢ ಆಮ್ಲಗಳು, ತಿಳಿದವರ ಕೈಯಲ್ಲಿ ಮಾತ್ರ ಇರಲಿ.

ಮುಖಕ್ಕೆ ಹಚ್ಚುವ ಮುನ್ನ ಕಿವಿಯ ಹಿಂದೆಯೋ ಮುಂಗೈ ಒಳಭಾಗದಲ್ಲೋ ನಾಣ್ಯದಗಲ ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ದದ್ದು ಬರದಿದ್ದರೆ ಮುಂದುವರಿಯಿರಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಲು 10 ನಿಮಿಷ ಬಿಡಿ. ಒದ್ದೆ ಚರ್ಮದಲ್ಲಿ ಆಮ್ಲ ಹೆಚ್ಚು ಆಳಕ್ಕೆ ಇಳಿದು ಕಚ್ಚುತ್ತದೆ. ಹತ್ತಿಯ ಉಂಡೆಯಲ್ಲಿ ಒರೆಸಬೇಡಿ, ಅರ್ಧ ದ್ರವವನ್ನು ಹತ್ತಿಯೇ ಕುಡಿಯುತ್ತದೆ, ಮೇಲಿಂದ ಉಜ್ಜಿದಂತೆಯೂ ಆಗುತ್ತದೆ. ಅಂಗೈಗೆ ಅರ್ಧ ಮಿಲಿಲೀಟರ್, ಅಂದರೆ ಹತ್ತು ಹನಿಯ ಸುಮಾರು, ಹಾಕಿಕೊಂಡು ಬೆರಳ ತುದಿಯಿಂದ ಒತ್ತಿ ಹಚ್ಚಿ. ತುಟಿಯಂಚು, ಮೂಗಿನ ಹೊರಳೆ ಪಕ್ಕದ ಮಡಿಕೆ, ಕಣ್ಣ ರೆಪ್ಪೆ ಬಿಡಿ. ಮೊದಲ ಎರಡು ವಾರ 10 ನಿಮಿಷಕ್ಕೇ ತೊಳೆದುಬಿಡಿ. ಆ ಮೇಲೆ ರಾತ್ರಿಯಿಡೀ ಬಿಡಬಹುದು, ಮೇಲೊಂದು ಸಾದಾ ಮಾಯಿಶ್ಚರೈಸರ್ ಹಚ್ಚಿ. ರೆಟಿನಾಲ್ (ವಿಟಮಿನ್ ಎ ಬಗೆಯ ಲೇಪ) ಬಳಸುವ ರಾತ್ರಿ, ಥ್ರೆಡಿಂಗ್, ವ್ಯಾಕ್ಸಿಂಗ್ ಅಥವಾ ಶೇವಿಂಗ್ ಮಾಡಿದ ದಿನ ಆಮ್ಲ ಬೇಡ. ವಾರಕ್ಕೆ ಎರಡು ಸಲದ ಲೆಕ್ಕದಲ್ಲಿ 30 ಮಿಲಿಲೀಟರ್ ಬಾಟಲಿ ಏಳು ತಿಂಗಳ ಹತ್ತಿರ ಬರುತ್ತದೆ. ದೊಡ್ಡ ಬಾಟಲಿಯ ಆಸೆ ಬಿಡಿ.

ಸ್ವಲ್ಪ ಚುರುಗುಟ್ಟಿ ಒಂದೆರಡು ನಿಮಿಷದಲ್ಲಿ ಇಳಿದರೆ ಚಿಂತೆಯಿಲ್ಲ. ಆದರೆ ಉರಿಯೇ ಕೆಲಸ ಮಾಡುತ್ತಿರುವ ಗುರುತು ಎಂದುಕೊಂಡು ಹಲ್ಲು ಕಚ್ಚಿ ಕೂರಬೇಡಿ. ಸಾದಾ ಮಾಯಿಶ್ಚರೈಸರ್ ಹಚ್ಚಿದರೂ ಉರಿ, ಮುಖ ಪ್ಲಾಸ್ಟಿಕ್ ಹಾಳೆಯಂತೆ ಬಿಗಿದು ಹೊಳೆಯುವುದು, ಹಿಂದೆಂದೂ ಬರದ ಜಾಗದಲ್ಲಿ ಸಣ್ಣ ಗುಳ್ಳೆ: ಈ ಮೂರರಲ್ಲಿ ಯಾವುದು ಕಂಡರೂ ಅತಿಯಾಯಿತೆಂದು ತಿಳಿಯಿರಿ. ಆಗ ಜನ ಮಾಡುವ ತಪ್ಪೆಂದರೆ ಗುಳ್ಳೆಗೆ ಇನ್ನೊಂದು ಔಷಧಿ ತರುವುದು. ಅದರ ಬದಲು ಎಲ್ಲವನ್ನೂ ನಿಲ್ಲಿಸಿ. ಸೌಮ್ಯ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಸಿಪ್ಪೆಯೆದ್ದ ಕಡೆ ರಾತ್ರಿ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಹಗಲು ಸನ್‌ಸ್ಕ್ರೀನ್. 2ರಿಂದ 4 ವಾರ ಇಷ್ಟೇ. ಇಸುಬು, ರೊಸೇಶಿಯಾ (ಮುಖ ಪದೇ ಪದೇ ಕೆಂಪಾಗುವ ಕಾಯಿಲೆ), ತುಟಿಯ ಸುತ್ತ ನೀರುಗುಳ್ಳೆ ಇರುವವರು ಚರ್ಮವೈದ್ಯರನ್ನು ಕೇಳದೆ ಆಮ್ಲಕ್ಕೆ ಕೈ ಹಾಕಬಾರದು.

ಇನ್ನು ದೊಡ್ಡ ಪಾಲಿನ ಲೆಕ್ಕ. ಸನ್‌ಸ್ಕ್ರೀನ್‌ನ ಎಸ್‌ಪಿಎಫ್, ಅಂದರೆ ಬಿಸಿಲಿಗೆ ಚರ್ಮ ಸುಡದಂತೆ ಅದು ಎಷ್ಟು ಕಾಯುತ್ತದೆ ಎಂಬ ಅಂಕಿ, ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿ. ಮನೆಯಲ್ಲಿ ಜನ ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧ, ಕಾಲು. ಅರ್ಧ ಹಚ್ಚಿದರೆ ರಕ್ಷಣೆಯೂ ಅರ್ಧಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಮುಖಕ್ಕೆ ಕಾಲು ಟೀ ಚಮಚ, ಕಿವಿ-ಕತ್ತು ಸೇರಿಸಿದರೆ ಅರ್ಧ ಟೀ ಚಮಚದ ಹತ್ತಿರ ಬೇಕು. ಚಮಚ ಹುಡುಕುವುದು ಬೇಡವೆಂದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು. ಹೀಗೆ ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬ್ 20–25 ದಿನಕ್ಕೆ ಮುಗಿಯಬೇಕು. ನಿಮ್ಮದು ಮೂರು ತಿಂಗಳು ಬಂದಿದ್ದರೆ ಅದನ್ನು ಉಳಿತಾಯ ಎಂದು ಖುಷಿಪಡಬೇಡಿ. ಆದ್ದರಿಂದ ಕೊಳ್ಳುವಾಗ ಟ್ಯೂಬಿನ ಬೆಲೆ ನೋಡದೆ, ಬೆಲೆಯನ್ನು ಗ್ರಾಂನಿಂದ ಭಾಗಿಸಿ ನೋಡಿ. ಮೊದಲ ಸಲ ಚಿಕ್ಕ ಟ್ಯೂಬ್, ಹೊಂದಿದರೆ ಮುಂದಿನ ಸಲ ದೊಡ್ಡದು.

ಲೇಬಲ್‌ನಲ್ಲಿ ಮೂರು ವಿಷಯ ಸಾಕು: ಎಸ್‌ಪಿಎಫ್ 30 ಅಥವಾ ಮೇಲೆ, ಬ್ರಾಡ್ ಸ್ಪೆಕ್ಟ್ರಮ್ (ಯುವಿಎ, ಯುವಿಬಿ ಎರಡನ್ನೂ ತಡೆಯುವಂಥದ್ದು) ಎಂಬ ಮಾತು ಅಥವಾ ಪಿಎ ಪಕ್ಕ ಮೂರು-ನಾಲ್ಕು ಪ್ಲಸ್ ಗುರುತು, ಮುಗಿಯುವ ದಿನಾಂಕ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಎಂಬ ನೇರಳಾತೀತ (ಯುವಿ) ಕಿರಣದ ಬಗ್ಗೆ. ಪಿಎ ಹೇಳುವುದು ಸುಕ್ಕು, ಕಪ್ಪಾಗುವಿಕೆಗೆ ಕಾರಣವಾಗುವ ಯುವಿಎ ಬಗ್ಗೆ. 30 ಸುಮಾರು 97 ಶೇಕಡಾ ಯುವಿಬಿ ತಡೆದರೆ 50 ತಡೆಯುವುದು 98. 100 ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಸುರಿಯುವುದಕ್ಕಿಂತ 30ನ್ನೇ ಧಾರಾಳವಾಗಿ ಹಚ್ಚುವುದು ಜಾಣತನ. ಎಸ್‌ಪಿಎಫ್ 15 ಇರುವ ಕ್ರೀಮಿನ ಮೇಲೆ 30 ಹಚ್ಚಿದರೆ 45 ಆಗುವುದಿಲ್ಲ. ಮಾಯಿಶ್ಚರೈಸರ್ ಜೊತೆ ಅಂಗೈಯಲ್ಲಿ ಕಲಸಿ ಹಚ್ಚಿದರೆ ಇರುವುದೂ ತೆಳುವಾಗುತ್ತದೆ. ಮನೆಯಲ್ಲಿ ಎಣ್ಣೆಗೆ ಝಿಂಕ್ ಪುಡಿ ಬೆರೆಸಿ ಸನ್‌ಸ್ಕ್ರೀನ್ ಮಾಡುವ ಸಾಹಸವಂತೂ ಬೇಡವೇ ಬೇಡ. ಪುಡಿ ಗಂಟುಕಟ್ಟಿ ಒಂದು ಕಡೆ ನಿಂತು, ಇನ್ನೊಂದು ಕಡೆ ಚರ್ಮ ಬರಿದಾಗಿಯೇ ಉಳಿಯುತ್ತದೆ.

ಹೊರಡುವ 15–20 ನಿಮಿಷ ಮೊದಲು ಹಚ್ಚಿ, ಹೊರಗೇ ಇದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೆವರು ಒರೆಸಿದರೆ, ಈಜಿದರೆ ಆ ಕೂಡಲೇ. ಎರಡು ಕಂತಿನಲ್ಲಿ ಹಚ್ಚುವುದು ಒಳ್ಳೆಯದು: ಅರ್ಧ ಹಚ್ಚಿ, ಎರಡು ನಿಮಿಷ ಬಿಟ್ಟು ಉಳಿದರ್ಧ. ಜನ ಮರೆಯುವ ಜಾಗಗಳು ಕಿವಿಯ ಮೇಲಂಚು, ಕೂದಲಂಚಿನ ಹಣೆ, ಕತ್ತಿನ ಪಕ್ಕ.

ಬಿಳಿ ಬೂದಿ ಬಳಿದಂತೆ ಕಾಣುತ್ತದೆ ಎಂಬ ದೂರು ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್‌ಗಳದ್ದು. ಕಂದು ಚರ್ಮದವರು ಬಣ್ಣ ಬೆರೆಸಿದ ಟಿಂಟೆಡ್ ಬಗೆಯನ್ನು ಹುಡುಕಬಹುದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುವುದರಿಂದ ಬಂಗು ಇರುವವರಿಗೆ ಇನ್ನೂ ಅನುಕೂಲ. ಹಚ್ಚಿದ್ದು ಕೊಳೆಯಂತೆ ಉಂಡೆಗಟ್ಟಿ ಉದುರಿದರೆ ಕೆಳಗಿನ ಮಾಯಿಶ್ಚರೈಸರ್ ಹೆಚ್ಚಾಯಿತು ಅಥವಾ ಒಣಗಲು ಬಿಡಲಿಲ್ಲ ಎಂದರ್ಥ. ಎಣ್ಣೆ ಚರ್ಮವಾದರೆ ಬೆಳಗಿನ ಮಾಯಿಶ್ಚರೈಸರನ್ನೇ ಬಿಟ್ಟುಬಿಡಿ, ಒಂದು ಖರ್ಚು ಕಡಿಮೆ. ಕಣ್ಣು ಉರಿದರೆ ಕಣ್ಣಿನ ಸುತ್ತ ಮಾತ್ರ ಝಿಂಕ್ ಇರುವುದನ್ನೋ ಗಟ್ಟಿ ಸ್ಟಿಕ್ ಬಗೆಯನ್ನೋ ಹಚ್ಚಿ, ಅದು ಬೆವರಿಗೆ ಬೇಗ ಜಾರುವುದಿಲ್ಲ. ಸಂಜೆ ಸನ್‌ಸ್ಕ್ರೀನ್ ಸರಿಯಾಗಿ ತೊಳೆಯದೆ ಮಲಗಿ, ಗುಳ್ಳೆಯೆದ್ದಾಗ ಸನ್‌ಸ್ಕ್ರೀನನ್ನು ಬೈಯುವವರೂ ಇದ್ದಾರೆ. ಫೇಸ್‌ವಾಶ್ ಎರಡು ಸಲ ಹಾಕಿದರೆ ಸಾಕು, ಬೇರೆ ಕ್ಲೆನ್ಸರ್ ಬೇಕಿಲ್ಲ.

ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುವ ಸನ್‌ಸ್ಕ್ರೀನ್ ಬೇಕೆಂದರೆ ಟೋಪಿ ಕೊಳ್ಳಿ. ಅಂಚು ಸುತ್ತಲೂ 7–8 ಸೆಂಟಿಮೀಟರ್ ಅಗಲವಿರಲಿ, ನೇಯ್ಗೆ ದಟ್ಟವಿರಲಿ. ಬೆಳಕಿಗೆ ಹಿಡಿದಾಗ ತೂತು ತೂತಾಗಿ ಕಂಡರೆ ಪ್ರಯೋಜನವಿಲ್ಲ. ಮುಂದೆ ಮಾತ್ರ ಅಂಚಿರುವ ಕ್ಯಾಪ್ ಕಿವಿಯನ್ನೂ ಕತ್ತನ್ನೂ ಕಾಯುವುದಿಲ್ಲ. ದಟ್ಟ ಕಪ್ಪು ಕೊಡೆಯೂ ಒಳ್ಳೆಯದೇ, ಆದರೆ ನೆಲ, ನೀರು, ಮರಳಿನಿಂದ ಪ್ರತಿಫಲಿಸಿ ಬರುವ ಬಿಸಿಲನ್ನು ಅದು ತಡೆಯದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರಿದೆ ಎಂದು ತಿಳಿಯಿರಿ. ಮೊಬೈಲಿನ ಹವಾಮಾನದಲ್ಲಿ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು. ಮೋಡವಿದೆ ಎಂದು ಬಿಡಬೇಡಿ, ತೆಳು ಮೋಡದಲ್ಲಿ ಹೆಚ್ಚಿನ ಯುವಿ ಸೋಸಿಕೊಂಡು ಬಂದೇ ಬರುತ್ತದೆ. ಸಾಮಾನ್ಯ ಕಿಟಕಿ ಗಾಜು ಯುವಿಬಿ ತಡೆದರೂ ಯುವಿಎ ಬಿಡುತ್ತದೆ. ದಿನವಿಡೀ ಕಿಟಕಿ ಪಕ್ಕ ಕೂತು ಕೆಲಸ ಮಾಡುವವರು ಪರದೆ ಎಳೆದುಕೊಂಡರೆ ಒಂದು ಸಲದ ಸನ್‌ಸ್ಕ್ರೀನ್ ಉಳಿಯಿತು.

ಒಂದೇ ದಿನ ಎರಡು ಹೊಸ ವಸ್ತು ಶುರು ಮಾಡಬೇಡಿ. ಮೊದಲು ಸನ್‌ಸ್ಕ್ರೀನ್, ಎರಡು ವಾರ ಕಳೆದ ಮೇಲೆ ಆಮ್ಲ. ಇಲ್ಲವಾದರೆ ಅಲರ್ಜಿ ಬಂದಾಗ ಯಾವುದರಿಂದ ಎಂದು ಗೊತ್ತಾಗದೆ ಎರಡನ್ನೂ ಎಸೆಯಬೇಕಾಗುತ್ತದೆ. ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ ತೆರೆದ 12 ತಿಂಗಳೊಳಗೆ ಮುಗಿಸಬೇಕು. ತೆರೆದ ತಾರೀಖನ್ನು ಪೆನ್ನಿನಿಂದ ಟ್ಯೂಬಿನ ಮೇಲೇ ಬರೆದಿಡಿ. ಕಾರಿನೊಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಸನ್‌ಸ್ಕ್ರೀನ್ ಇಡಬೇಡಿ. ನೀರು ಬೇರೆ, ಕ್ರೀಮು ಬೇರೆಯಾಗಿ ಬಂದರೆ ಅಥವಾ ವಾಸನೆ ಬದಲಾಗಿದ್ದರೆ ತಾರೀಖು ಎಷ್ಟೇ ಮುಂದಿದ್ದರೂ ಎಸೆಯಿರಿ. ಇನ್ನು ಹಿಂಡಿದರೆ ಏನೂ ಬಾರದ ಟ್ಯೂಬನ್ನು ನಡುವೆ ಕತ್ತರಿಸಿ ನೋಡಿ, ಗೋಡೆಗೆ ಅಂಟಿದ್ದು ಇನ್ನೂ ಒಂದೆರಡು ದಿನಕ್ಕೆ ಸಿಗುತ್ತದೆ. ಕತ್ತರಿಸಿದ ಬಾಯಿಯನ್ನು ಮಡಚಿ ಕ್ಲಿಪ್ ಹಾಕಿಟ್ಟು ಬೇಗ ಮುಗಿಸಿಬಿಡಿ.