ಗ್ರೀನ್ ಸ್ಕ್ರೀನ್ ಕೀ ಮಾಡೋಕೆ ಮುಂಚೆ ಮಾಸ್ಕ್ ಹಾಕಿ

ವಿಡಿಯೋದಲ್ಲಿ ಹಿಂದಿರೋ ಹಸಿರು ಪರದೆ, ಅಂದ್ರೆ ಗ್ರೀನ್ ಸ್ಕ್ರೀನ್ ತೆಗೀಬೇಕು ಅಂದ್ರೆ ತುಂಬಾ ಜನ ಸೀದಾ ಕೀಯರ್ (ಹಸಿರನ್ನ ಗುರುತಿಸಿ ಅಳಿಸೋ ಟೂಲ್, ಆ ಕೆಲಸಕ್ಕೇ ಕೀ ಅನ್ನೋದು) ಹಾಕಿ ಸ್ಲೈಡರ್ ಎಳೀತಾ ಕೂತ್ಬಿಡ್ತಾರೆ, ಮೂಲೇಲಿರೋ ಬಟ್ಟೆ ಮಡಿಕೆ, ನೆರಳು ಹೋಗ್ಲಿ ಅಂತ ಎಳೆದಷ್ಟೂ ಈ ಕಡೆ ಕೂದಲು ಕರಗ್ತಾ ಬರುತ್ತೆ. ಕೀಗೆ ಅಷ್ಟೊಂದು ಕೆಲಸ ಕೊಡಲೇಬಾರದು. ಮನುಷ್ಯನ ಸುತ್ತ ಸ್ವಲ್ಪ ಹಸಿರು ಬಿಟ್ಟು ಮಿಕ್ಕಿದ್ದೆಲ್ಲ ಮಾಸ್ಕಲ್ಲೇ (ನಾವೇ ಗೆರೆ ಎಳೆದು ಮಾಡೋ ಆಕಾರ) ಕತ್ತರಿಸಿ ಬಿಸಾಕಿ, ಆಗ ಕೀ ನೋಡ್ಕೋಬೇಕಾಗಿರೋದು ಅಂಚು ಮಾತ್ರ.

ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ನಲ್ಲೇ ಇದಾಗುತ್ತೆ. ಬ್ಯಾಕ್‌ಗ್ರೌಂಡ್ ಕೆಳಗಿನ ಟ್ರ್ಯಾಕಲ್ಲಿ, ಶೂಟ್ ಮಾಡಿದ ಕ್ಲಿಪ್ ಮೇಲೆ. ಫ್ಯೂಷನ್ ಪೇಜಿಗೆ ಹೋಗಿ ಮೀಡಿಯಾ ಇನ್ (ಕ್ಲಿಪ್ ಒಳಗೆ ಬರೋ ಡಬ್ಬಿ) ಮತ್ತೆ ಮೀಡಿಯಾ ಔಟ್ (ಹೊರಗೆ ಹೋಗೋ ಡಬ್ಬಿ) ಮಧ್ಯೆ ಡೆಲ್ಟಾ ಕೀಯರ್ ಹಾಕಿ, ಪಿಕ್ಕರನ್ನ ಮುಖದ ಹತ್ತಿರದ ಹಸಿರಿನ ಮೇಲೆ ಎಳೆದು ಬಿಡಿ. ಆಮೇಲೆ ಪಾಲಿಗಾನ್ (ಮಾಸ್ಕ್ ಬಿಡಿಸೋ ಟೂಲ್) ತಗೊಂಡು ಮನುಷ್ಯನ ಸುತ್ತ ಗೆರೆ ಹಾಕಿ, ಅದನ್ನ ಡೆಲ್ಟಾ ಕೀಯರಿನ ಗಾರ್ಬೇಜ್ ಮ್ಯಾಟ್ (ಬೇಡದ ಜಾಗ ಬಿಸಾಕೋದು) ಇನ್‌ಪುಟ್‌ಗೆ ಜೋಡಿಸಿ ಇನ್ವರ್ಟ್ (ಒಳಗೆ ಹೊರಗೆ ಅದಲು ಬದಲು) ಟಿಕ್ ಮಾಡಿ, ಇಲ್ದಿದ್ರೆ ಮನುಷ್ಯನೇ ಮಾಯ ಆಗ್ತಾನೆ. ಕೈ ಗೆರೆ ದಾಟಿ ಹೋಗೋ ಫ್ರೇಮಿಗೆ ಬಂದು ಪಾಯಿಂಟ್ ಸರಿಸಿದ್ರೆ ಕೀಫ್ರೇಮ್ (ಆ ಫ್ರೇಮಲ್ಲಿ ಆದ ಬದಲಾವಣೆಯ ಗುರುತು) ತಾನಾಗೇ ಬೀಳುತ್ತೆ.

ಈಗ ವ್ಯೂ ಮೋಡ್ ಮ್ಯಾಟ್‌ಗೆ ಹಾಕಿ. ಮ್ಯಾಟ್ ಅಂದ್ರೆ ಕಪ್ಪು ಬಿಳುಪು ಚಿತ್ರ, ಬಿಳಿ ಇರೋದು ಉಳಿಯುತ್ತೆ, ಕಪ್ಪು ಇರೋದು ಹೋಗುತ್ತೆ, ಬೂದು ಇರೋದು ಅರ್ಧಂಬರ್ಧ ಕಾಣುತ್ತೆ. ಬಣ್ಣದಲ್ಲಿ ನೋಡ್ತಾ ಯಾವತ್ತೂ ಅಡ್ಜಸ್ಟ್ ಮಾಡ್ಬೇಡಿ, ಕಪ್ಪು ಬಿಳುಪಲ್ಲೇ ನಿಜ ಕಾಣೋದು. ಥ್ರೆಶೋಲ್ಡ್ ಲೋ ಏರಿಸಿದ್ರೆ ಹಿಂದಿನ ಬೂದು ಕಲೆ ಕಪ್ಪಾಗುತ್ತೆ, ಹೈ ಇಳಿಸಿದ್ರೆ ಮೈ ಪೂರ್ತಿ ಬಿಳಿ ಆಗುತ್ತೆ. ಕೂದಲಂಚಲ್ಲಿ ಬೂದು ಉಳೀಲೇಬೇಕು, ಅಲ್ಲಿ ಬಿಳಿ ಕಪ್ಪು ಎರಡೇ ಇದ್ರೆ ಕತ್ತರೀಲಿ ಕತ್ತರಿಸಿ ಅಂಟಿಸಿದ ಫೋಟೋ ಥರ ಕಾಣುತ್ತೆ.

ಹಸಿರಂಚಿನ ರೇಷ್ಮೆ ಸೀರೆ ಉಟ್ಟವರ ವಿಡಿಯೋ ಬಂತು ಅಂದ್ಕೊಳ್ಳಿ, ಅಂಚೆಲ್ಲ ತೂತು! ಆ ಜಾಗಕ್ಕೆ ಒಳಗಡೆ ಇನ್ನೊಂದು ಪಾಲಿಗಾನ್ ಹಾಕಿ, ತೂತಾಗದೆ ಉಳೀಬೇಕಾದ ಜಾಗ ಹೇಳೋ ಸಾಲಿಡ್ ಮ್ಯಾಟ್‌ಗೆ ಜೋಡಿಸಿ, ಮಾಸ್ಕ್ ಟ್ಯಾಬಲ್ಲಿ ಸಾಲಿಡ್ ರಿಪ್ಲೇಸ್ ಮೋಡ್ ಸೋರ್ಸ್ ಅಂತ ಇಡಿ, ಸೀರೆ ಬಣ್ಣಾನೂ ಹಾಗೇ ಉಳಿಯುತ್ತೆ. ಕೆನ್ನೆ ಮೇಲೆ ಪರದೆಯ ಹಸಿರು ಛಾಯೆ (ಸ್ಪಿಲ್) ಇದ್ರೆ ಫ್ರಿಂಜ್ ಟ್ಯಾಬಲ್ಲಿ ಸ್ಪಿಲ್ ಮೆಥಡ್ ಮೀಡಿಯಮ್‌ನಿಂದ ಶುರು ಮಾಡಿ.

ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಿದ್ರೆ ತಪ್ಪು ಸೆಟ್ಟಿಂಗಿದೇ ಆಗಿರ್ಬೇಕಂತಿಲ್ಲ. ಸಾಮಾನ್ಯವಾಗಿ ಫೋನ್ ವಿಡಿಯೋ 4:2:0ಲ್ಲಿ ರೆಕಾರ್ಡ್ ಆಗುತ್ತೆ, ಅಂದ್ರೆ 4 ಪಿಕ್ಸೆಲಿಗೆ ಒಂದೇ ಬಣ್ಣದ ಮಾಹಿತಿ, 1920×1080 ವಿಡಿಯೋದಲ್ಲಿ ಬಣ್ಣ ಇರೋದು ಬರೀ 960×540. ಕೀಯರ್ ನೋಡೋದೇ ಬಣ್ಣಾನ! ಅದಕ್ಕೇ 4ಕೆಯಲ್ಲಿ ಶೂಟ್ ಮಾಡಿ, 1080 ಟೈಮ್‌ಲೈನಲ್ಲಿ ಇಡಿ, ಅಂಚು ಎಷ್ಟೋ ನಯ ಆಗುತ್ತೆ. ಶೂಟಿಂಗಲ್ಲಿ ಪರದೆಯಿಂದ 6ರಿಂದ 8 ಅಡಿ ಮುಂದೆ ನಿಲ್ಸಿ, ಪರದೆಗೆ ಬೇರೆ ಲೈಟ್ ಕೊಡಿ.

ಎಲ್ಲಾ ಆದ್ಮೇಲೆ ಒಂದು ಫ್ರೇಮ್ ನೋಡಿ ಓಕೆ ಅನ್ಬೇಡಿ, ಪೂರ್ತಿ ಪ್ಲೇ ಮಾಡಿ. ಕೂದಲಂಚು ಮಿಣಮಿಣ ಅಂತಿದ್ರೆ ಅದು ವಿಡಿಯೋದ ನಾಯ್ಸ್ (ಕುಣಿಯೋ ಚುಕ್ಕಿಗಳು), ಕೀ ಟ್ಯಾಬಲ್ಲಿರೋ ಪ್ರೀ ಬ್ಲರ್ ಒಂಚೂರು ಏರಿಸಿ.