ಮೈಸೂರಿನಲ್ಲಿ ನೆರಳಿಲ್ಲದ ಮಧ್ಯಾಹ್ನ: ನೋಡುವುದು ಹೇಗೆ?

ನಡುಮಧ್ಯಾಹ್ನ ಸೂರ್ಯ ದಿನವೂ ನೆತ್ತಿಯ ಮೇಲಿರುತ್ತಾನೆ ಎಂದುಕೊಂಡವರೇ ಹೆಚ್ಚು. ಮೈಸೂರಿನಲ್ಲಿ ಅವನು ನೆಟ್ಟಗೆ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 22 ಅಥವಾ 23ಕ್ಕೆ, ಮತ್ತೆ ಆಗಸ್ಟ್ 20ರ ಆಸುಪಾಸಿಗೆ. ಊರಿನ ಅಕ್ಷಾಂಶ 12.3°, ಸೂರ್ಯ ಸಮಭಾಜಕದಿಂದ ಅಷ್ಟೇ ಉತ್ತರಕ್ಕೆ ಸರಿದಿರುವ ದಿನಗಳಿವು. ಮಂಡ್ಯದ ಅಕ್ಷಾಂಶ 12.5°, ಅಲ್ಲಿಗೆ ಏಪ್ರಿಲ್ 23 ಹೊಂದುತ್ತದೆ. ಆಗಸ್ಟ್‌ನಲ್ಲಿ ಮೋಡದ ಕಾಟ. ಏಪ್ರಿಲ್ ದಿನವನ್ನೇ ನೆಚ್ಚಿಕೊಳ್ಳಿ.

ನಮ್ಮ ಗಡಿಯಾರ ನಡೆಯುವುದು 82.5° ರೇಖಾಂಶದ ಲೆಕ್ಕದಲ್ಲಿ. ಮೈಸೂರು ಇರುವುದು 76.6°ಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮಗೆ ಮಧ್ಯಾಹ್ನ ಸುಮಾರು 23 ನಿಮಿಷ ತಡ. ಸೂರ್ಯನ ನಡುಹಗಲು ವರ್ಷದಲ್ಲಿ ಕೆಲವು ನಿಮಿಷ ಹಿಂದುಮುಂದಾಗುವುದೂ ಇದಕ್ಕೆ ಸೇರುತ್ತದೆ. ಏಪ್ರಿಲ್‌ನಲ್ಲಿ 12:22ಕ್ಕೆ, ಆಗಸ್ಟ್‌ನಲ್ಲಿ 12:27ಕ್ಕೆ ನೋಡಬೇಕು. 12ಕ್ಕೇ ನೋಡಿದರೆ 30 ಸೆಂ.ಮೀ. ಕೋಲಿಗೆ ಸುಮಾರು 3 ಸೆಂ.ಮೀ. ನೆರಳು ಪಶ್ಚಿಮಕ್ಕೆ ಬಿದ್ದಿರುತ್ತದೆ.

ಒಂದು ಇಂಚಿನ ಪಿವಿಸಿ ಪೈಪನ್ನು 30 ಸೆಂ.ಮೀ. ಉದ್ದಕ್ಕೆ, ತುದಿ ಓರೆಯಾಗದಂತೆ ಕತ್ತರಿಸಿ. ಹಲಗೆಯ ಮೇಲೆ ಬಿಳಿ ಹಾಳೆ ಅಂಟಿಸಿ ಅದರ ಮೇಲೆ ನಿಲ್ಲಿಸಿ. ಮಳೆನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಹಲಗೆಯಡಿ ರಟ್ಟಿನ ತುಂಡು ಕೊಟ್ಟು ಸ್ಪಿರಿಟ್ ಲೆವೆಲ್‌ನಿಂದ ಎರಡೂ ದಿಕ್ಕಿಗೆ ಮಟ್ಟ ಮಾಡಿ. ಪೈಪಿನ ಪಕ್ಕ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೆಟ್ಟಗಿದೆಯೇ ನೋಡಿ. ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ. ಪೈಪು 1° ವಾಲಿದರೆ ತುದಿಯ ನೆರಳು 5 ಮಿ.ಮೀ. ಸರಿಯುತ್ತದೆ. ಆ ದಿನಗಳಲ್ಲಿ ಸೂರ್ಯ ದಿನಕ್ಕೆ ಮೂರನೇ ಒಂದು ಡಿಗ್ರಿಯಷ್ಟೇ ಉತ್ತರಕ್ಕೆ ಹೋಗುವುದು. ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ವಾಲಿದ ಪೈಪು ಮೂರು ದಿನ ಆಚೀಚೆಯ ತಾರೀಖು ತೋರಿಸುತ್ತದೆ!

ಬಾಯಿ ಅಗಲವಾದ ಸ್ಟೀಲ್ ಲೋಟ ಇಟ್ಟವರಿಗೆ ನೆರಳು ಮಾಯವಾಗದು, ಅಂಚಿನ ನೆರಳು ಸುತ್ತಲೂ ಬಳೆಯಂತೆ ಬೀಳುತ್ತದೆ. ಅದೂ ಒಳ್ಳೆಯ ಪರೀಕ್ಷೆಯೇ: ಬಳೆ ಎಲ್ಲ ಕಡೆಯೂ ಒಂದೇ ಅಗಲವಿದ್ದರೆ ಸೂರ್ಯ ನೆತ್ತಿಯಲ್ಲಿದ್ದಾನೆ.

12:15ರಿಂದ ಎರಡೆರಡು ನಿಮಿಷಕ್ಕೆ ನೆರಳಿನ ತುದಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹೀಗಾಗಿ ಅಂಚು 3 ಮಿ.ಮೀ.ನಷ್ಟು ಮಸುಕಾಗಿರುತ್ತದೆ, ಒಂದು ದಿನ ಹಿಂದುಮುಂದಾದರೂ ಬರಿಗಣ್ಣಿಗೆ ವ್ಯತ್ಯಾಸ ಸಿಗದು. ಆದ್ದರಿಂದ ಏಪ್ರಿಲ್ 20ರಿಂದ 26ರವರೆಗೆ ದಿನವೂ ಗುರುತು ಹಾಕಿ: ಮೊದಲು ಉತ್ತರಕ್ಕೆ ಬೀಳುತ್ತಿದ್ದ ನಡುಹಗಲ ನೆರಳು ದಕ್ಷಿಣಕ್ಕೆ ದಾಟುವುದು ಹಾಳೆಯಲ್ಲೇ ಕಾಣುತ್ತದೆ. ಏನೇ ಆದರೂ ತಲೆಯೆತ್ತಿ ಸೂರ್ಯನನ್ನು ನೋಡಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ.

ದೆಹಲಿಯಲ್ಲಿ ನೆಂಟರಿದ್ದರೆ ಇದೇ ದಿನ ಭೂಮಿಯನ್ನೂ ಅಳೆಯಬಹುದು. ಅವರು ಅಲ್ಲಿನ ನಡುಹಗಲಿಗೆ, ಸುಮಾರು 12:20ಕ್ಕೆ, ಒಂದು ಮೀಟರ್ ಕೋಲು ನಿಲ್ಲಿಸಲಿ. ನೆರಳು 29 ಸೆಂ.ಮೀ. ಬಂದರೆ ಕೋಲಿಗೂ ಬಿಸಿಲ ಕಿರಣಕ್ಕೂ ನಡುವಿನ ಕೋನ 16.3°. ಮೈಸೂರಿನಲ್ಲಿ ಅದು ಸೊನ್ನೆ, ಹಾಗಾಗಿ ಭೂಮಿಯ 360° ಸುತ್ತಿನಲ್ಲಿ ಎರಡೂ ಊರುಗಳ ನಡುವೆ ಇರುವುದು ಇಷ್ಟೇ ಡಿಗ್ರಿ. ಎರಡು ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 1,810 ಕಿ.ಮೀ. ಅದನ್ನು 360ರಿಂದ ಗುಣಿಸಿ 16.3ರಿಂದ ಭಾಗಿಸಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಹತ್ತಿರ ಬರುತ್ತದೆ. ಅಂತರವನ್ನು ನಕ್ಷೆಯಲ್ಲಿ ನೇರವಾಗಿ ಅಳೆಯಿರಿ. ರೈಲಿನ ದೂರ ಹಾಕಿದರೆ ಲೆಕ್ಕದಲ್ಲಿ ಭೂಮಿ ಹಿಗ್ಗಿಬಿಡುತ್ತದೆ.