ಬೀಗ ಹಾಕೋ ಹೊತ್ತಿಗೆ ಒಳಗೆ ನಾಲ್ಕು ಜನ

"ಸಾರ್, ಇನ್ನೂ ನಾಲ್ಕು ಜನ ಒಳಗಿದ್ದಾರಂತೆ. ಬೀಗ ಹಾಕ್ಲಾ, ಬೇಡ್ವಾ?" ರಾತ್ರಿ ಎಂಟೂವರೆಗೆ ವಾಚನಾಲಯದ ಅಟೆಂಡರ್ ಫೋನ್ ಮಾಡಿದ್ದರು. ಒಳಗೆ ಯಾರೂ ಇರಲಿಲ್ಲ. ನಾನು ಕೂರಿಸಿದ್ದ ಯಂತ್ರ ಮಾತ್ರ 4 ಎಂದು ತೋರಿಸುತ್ತಿತ್ತು.

ನಮ್ಮ ಬಡಾವಣೆಯ ವಾಚನಾಲಯದಲ್ಲಿ ನಲವತ್ತು ಕುರ್ಚಿ. ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು ಎರಡು ಬಸ್ ಹತ್ತಿ ಬಂದು, ಜಾಗ ಸಿಗದೆ ವಾಪಸ್ ಹೋಗುತ್ತಿದ್ದರು. ಎಷ್ಟು ಸೀಟು ಖಾಲಿ ಇದೆ ಅಂತ ಫೋನಿನಲ್ಲೇ ಗೊತ್ತಾದರೆ ಸಾಕಿತ್ತು. ಕ್ಯಾಮೆರಾ ಬೇಡ ಎಂದು ಎಲ್ಲರೂ ಮೊದಲೇ ಹೇಳಿದ್ದರು, ನನಗೂ ಅದೇ ಸರಿ ಅನ್ನಿಸಿತು. ಲೈಟ್ ತಾನಾಗಿ ಹತ್ತಿಸುವ ಮಾಮೂಲಿ ಪಿಐಆರ್ ಸೆನ್ಸರ್‌ಗೆ ಮೈಬಿಸಿ ಓಡಾಡಿದರಷ್ಟೇ ಗೊತ್ತಾಗುತ್ತದೆ. ಅದೂ ಅಲ್ಲದೆ, ಅದಕ್ಕೆ ಎಣಿಸೋಕೆ ಬರುವುದಿಲ್ಲ. ಉಳಿದಿದ್ದು ರಾಡಾರ್.

ಎಲ್‌ಡಿ2450 ಎಂಬ ಪುಟ್ಟ ರಾಡಾರ್ ಬೋರ್ಡ್ ತಂದೆ. 24 ಗಿಗಾಹರ್ಟ್ಸ್‌ನದು. ಸುಮಾರು 6 ಮೀಟರ್‌ವರೆಗೆ ಯಾರು ಎಲ್ಲಿದ್ದಾರೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ, ಆದರೆ ಒಟ್ಟಿಗೆ ಮೂವರನ್ನು ಮಾತ್ರ. ಇಡೀ ಕೋಣೆ ಅದರ ಕೈಲಾಗದ ಕೆಲಸ. ಹಾಗಾಗಿ ಬಾಗಿಲಿಗೆ ಎದುರಾಗಿ ಒಳಗೋಡೆಗೆ ಅಂಟಿಸಿದೆ. ಹೊಸ್ತಿಲ ಹತ್ತಿರ ಕೋಡಿನಲ್ಲೇ ಒಂದು ಕಾಲ್ಪನಿಕ ಗೆರೆ ಎಳೆದೆ. ಅದನ್ನು ದಾಟಿ ಒಳಗೆ ಬಂದರೆ ಒಂದು ಕೂಡು, ಹೊರಗೆ ಹೋದರೆ ಒಂದು ಕಳೆ.

ಮೊದಲ ದಿನ ಎರಡು ಮೀಟರ್ ದೂರದಲ್ಲಿ ನಿಂತವನನ್ನು ಅದು ಮೈನಸ್ 30,768 ಎಂದು ತೋರಿಸಿತು. ಅಂದರೆ ಗೋಡೆಯಾಚೆ, ರಸ್ತೆ ದಾಟಿ! ಇಡೀ ಸಂಜೆ ವೈರ್ ಬಿಚ್ಚಿ ಹಾಕಿದ್ದಾಯಿತು. ತಪ್ಪು ವೈರಿನದಲ್ಲ. ಈ ಬೋರ್ಡ್ ಸಂಖ್ಯೆಗಳನ್ನು 0, 1 ಎಂಬ ಬಿಟ್‌ಗಳ ಸಾಲಾಗಿ ಕಳಿಸುತ್ತದೆ. ಅದರಲ್ಲಿ ಮೊದಲ ಬಿಟ್ 1 ಇದ್ದರೆ ಪ್ಲಸ್, 0 ಇದ್ದರೆ ಮೈನಸ್. ಲೋಕದ ರೂಢಿಗೆ ಪೂರಾ ಉಲ್ಟಾ. ಕೋಡಿನ ಒಂದೇ ಸಾಲು ಬದಲಿಸಿದೆ, 2,000 ಬಂತು.

ಆಮೇಲೆ ಚಪ್ಪಲಿ. ಹೊಸ್ತಿಲಲ್ಲಿ ನಿಂತು, ಬಗ್ಗಿ, ಒಂಟಿ ಕಾಲಲ್ಲಿ ಓಲಾಡುತ್ತಾ ಬಿಚ್ಚುವವರು ಒಬ್ಬೊಬ್ಬರೇ ಮೂರು ಸಲ ಗೆರೆ ದಾಟುತ್ತಿದ್ದರು. ಒಂದು ಗೆರೆ ತೆಗೆದು, 60 ಸೆಂಟಿಮೀಟರ್ ಅಂತರದಲ್ಲಿ ಎರಡು ಹಾಕಿದೆ. ಎರಡನ್ನೂ ದಾಟಿದರೆ ಮಾತ್ರ ಲೆಕ್ಕ.

ಆದರೂ ದಿನಕ್ಕೆ ನಾಲ್ಕೈದು ತಪ್ಪು ಉಳಿಯಿತು. ಮೈಗೆ ಮೈ ತಾಗಿಸಿಕೊಂಡು ಬಂದ ಗೆಳತಿಯರಿಬ್ಬರು ರಾಡಾರ್‌ಗೆ ಒಬ್ಬರೇ. ಕೂಡಿ ಕಳೆಯುವ ಲೆಕ್ಕದಲ್ಲಿ ಒಮ್ಮೆ ಸೇರಿದ ತಪ್ಪು ತಾನಾಗಿ ಹೋಗುವುದಿಲ್ಲ, ನಾಳೆಯ ಲೆಕ್ಕಕ್ಕೂ ಅಂಟಿಕೊಳ್ಳುತ್ತದೆ. ಅಟೆಂಡರ್ ಫೋನ್ ಬಂದಾಗ ಹೊಳೆದದ್ದು ಇದು: ನನಗೆ ಇನ್ನೊಂದು ಎಣಿಸುವ ಯಂತ್ರ ಬೇಡ, "ಈಗ ಯಾರೂ ಇಲ್ಲ" ಎಂದು ಗಟ್ಟಿಯಾಗಿ ಹೇಳುವ ಒಂದು ಸಾಕ್ಷಿ ಬೇಕು.

ಅದಕ್ಕೆ ವೈಫೈ ಸಾಕಾಯಿತು. ಕೋಣೆಯ ಎರಡು ತುದಿಗೆ ಒಂದೊಂದು ಇಎಸ್‌ಪಿ32, ಅಂದರೆ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್. ಅವುಗಳಲ್ಲಿ ಒಂದು, ಸೆಕೆಂಡಿಗೆ 100 ಸಲ ಪುಟ್ಟ ಡೇಟಾ ಪ್ಯಾಕೆಟ್ ಕಳಿಸುತ್ತದೆ. ಇನ್ನೊಂದು ಅದರ ಸಿಎಸ್‌ಐ ಓದುತ್ತದೆ, ಅಂದರೆ ಸಿಗ್ನಲ್ಲಿನ ಹತ್ತಾರು ಸಣ್ಣ ಎಳೆಗಳಲ್ಲಿ ಯಾವುದು ಎಷ್ಟು ಬಲವಾಗಿ ತಲುಪಿತು ಎಂಬ ವಿವರ. ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ದಾರಿಯಲ್ಲಿ ಯಾರಾದರೂ ಮಿಸುಕಿದರೂ ಎಳೆಗಳು ನಡುಗುತ್ತವೆ. ಎಂಥ ಓದುಗನೂ ಹತ್ತು ನಿಮಿಷದಲ್ಲಿ ಒಮ್ಮೆ ಹಾಳೆ ತಿರುವುತ್ತಾನೆ. ಹತ್ತು ನಿಮಿಷ ಪೂರ್ತಿ ನಿಶ್ಚಲವಾಗಿದ್ದರೆ ಎಣಿಕೆ ಸೊನ್ನೆ.

ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ? ಮತ್ತೆ ಜನ ಇದ್ದಾರೆ ಅಂದಿತು. ಫ್ಯಾನ್ ನಿಮಿಷಕ್ಕೆ 300 ಸುತ್ತು ಅಂದರೆ ಸೆಕೆಂಡಿಗೆ 5, ಮೂರು ರೆಕ್ಕೆಗೆ 15 ನಡುಕ. ಕೂತಿರುವ ಜನ ಅಷ್ಟು ವೇಗವಾಗಿ ಅಲ್ಲಾಡುವುದಿಲ್ಲ. ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಇರುವ ನಡುಕವನ್ನೆಲ್ಲ ಸೋಸಿ ಬಿಟ್ಟೆ.

ಸಂಜೆ ಆರಕ್ಕೆ ಕೋಚಿಂಗ್ ಮುಗಿಸಿ ಗುಂಪಾಗಿ ನುಗ್ಗುವವರ ಮುಂದೆ ಮಾತ್ರ ರಾಡಾರ್ ಸೋಲುತ್ತಲೇ ಇತ್ತು. ಫಿಲ್ಟರ್ ಬರೆಯುತ್ತಾ ಒಂದು ವಾರ ಕಳೆದೆ. ಕೊನೆಗೆ ಅಟೆಂಡರ್ ಎದ್ದು ಹೋಗಿ, ಜೋಡಿ ಬಾಗಿಲಲ್ಲಿ ಒಂದನ್ನು ಮುಚ್ಚಿ ಚಿಲಕ ಹಾಕಿದರು. ಈಗ ಒಬ್ಬೊಬ್ಬರೇ ಬರುತ್ತಾರೆ.